ಒಂದು ಮಗ್ಗ, ನಾಲ್ಕು ಕೈ



ಸೇಲಂ ಪಟ್ಟಣದ ಗುಗೈ ಎಂಬ ಪೇಟೆಯಲ್ಲಿ ನನ್ನ ಸೋದರಮಾವನ ಮನೆ. ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ. ಅಮ್ಮನ ತವರು ಸೇಲಂ. ಬೇಸಿಗೆ ರಜ ಬಂತೆಂದರೆ ಅಮ್ಮ ನಮ್ಮನ್ನು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಹೊಸೂರು, ಕೃಷ್ಣಗಿರಿ, ಧರ್ಮಪುರಿ ಕಳೆದು ತೊಪ್ಪೂರು ಘಾಟಿ ಇಳಿದರೆ ಸೇಲಂ ಬಂದಂತೆಯೇ. ದಾರಿಯುದ್ದಕ್ಕೂ ಬೋರ್ಡು ತಮಿಳು, ಕಂಡಕ್ಟರನ ಮಾತು ತಮಿಳು. ಗುಗೈನ ಓಣಿಗೆ ತಿರುಗಿದ ಕೂಡಲೇ ಮನೆಮನೆಯೊಳಗಿಂದ ಮಗ್ಗದ ಸದ್ದು, ಆ ಸದ್ದನ್ನು ಮೀರಿಸಿಕೊಂಡು ಕನ್ನಡ. "ಬಂದ್ರಾ? ಮೊದ್ಲು ಕಾಲು ತೊಳ್ಕೊಳ್ಳಿ, ಆಮೇಲೆ ಮಾತು" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು.

ನಮ್ಮದು ದೇವಾಂಗದವರ ಮನೆತನ, ಚೌಡೇಶ್ವರಿಯ ಒಕ್ಕಲು. ಅಮ್ಮನ ಕಡೆಯವರು ತಲೆತಲಾಂತರದಿಂದ ಸೇಲಂ ಸೀಮೆಯಲ್ಲಿ ನೇಯ್ದುಕೊಂಡು ಬಂದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದು ಬರಹವೆಲ್ಲ ತಮಿಳಿನಲ್ಲೇ. ಮಾವ ಅಮ್ಮನಿಗೆ ಬರೆಯುತ್ತಿದ್ದ ಕಾಗದಗಳು ಕನ್ನಡ ಮಾತಿನವು, ತಮಿಳು ಅಕ್ಷರದವು. ತಮಿಳು ಲಿಪಿಯಲ್ಲಿ 'ಕ'ಕಾರಕ್ಕೂ 'ಗ'ಕಾರಕ್ಕೂ ಒಂದೇ ಅಕ್ಷರ. ಹಾಗಾಗಿ 'ಗಂಡ' ಎಂದು ಬರೆದರೂ 'ಕಂಡ' ಎಂದು ಬರೆದರೂ ಕಾಗದದ ಮೇಲೆ ಒಂದೇ. ಅಮ್ಮ ಜಗುಲಿಯ ಮೇಲೆ ಕೂತು ಒಂದೊಂದು ಪದವನ್ನೂ ಎರಡೆರಡು ಸಲ ಬಾಯಲ್ಲಿ ಆಡಿಸಿ ನೋಡಿ, ಸರಿಯಾದದ್ದು ಸಿಕ್ಕಾಗ ನಗುತ್ತಿದ್ದರು. ಆ ಸೀಮೆಗೆ ಕನ್ನಡ ಹೊಸತೇನಲ್ಲ. ಧರ್ಮಪುರಿಯಲ್ಲಿ ಸಿಕ್ಕಿದ ನೊಳಂಬರ ಕಾಲದ ಕನ್ನಡ ಶಾಸನ ಕ್ರಿ.ಶ. 893ರದ್ದು. ಆಗ ಆ ಊರಿನ ಹೆಸರು ತಗಡೂರು.

ಈ ಮಾವ ಅತ್ತೆಯರ ಮದುವೆ ನಡೆದದ್ದು 1967ರಲ್ಲಿ. ಇಂದಿಗೆ 58 ವರ್ಷವಾಯಿತು. ಇವತ್ತು ಅವರಿಬ್ಬರ ವಿಷಯವನ್ನೇ ಹೇಳಬೇಕೆಂದು ನಿಮ್ಮ ಮುಂದೆ ಬಂದಿದ್ದೇನೆ.

ಮಾವನದು ಗುಂಡಿ ಮಗ್ಗ. ನಡುಮನೆಯ ನೆಲದಲ್ಲೇ ತೋಡಿದ ಗುಂಡಿ, ಅದರ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಹಲಗೆ ತುಳಿಯಬೇಕು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಎಡಗೈ ಹಣಿಗೆಯನ್ನು ಎಳೆದು ಎಳೆಯನ್ನು ಕೂರಿಸುತ್ತದೆ. ನೆಲದ ತಂಪಿಗೆ ನೂಲು ಬಿರುಸಾಗುವುದಿಲ್ಲ, ಬೇಗ ಹರಿಯುವುದಿಲ್ಲ ಎಂದು ಈ ಗುಂಡಿ. ಅದರಲ್ಲಿ ಮಾವ ನೇಯುತ್ತಿದ್ದದ್ದು ಸೇಲಂನ ಹೆಸರಾಂತ ಬಿಳಿ ರೇಷ್ಮೆ ಪಂಚೆ. ವೆಣ್ಪಟ್ಟು ಎನ್ನುತ್ತಾರೆ; ಇವತ್ತು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬಿಳಿ ಪಂಚೆಯ ಕಷ್ಟವೇನೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಒಂದು ಹನಿ ಬೆವರು, ಒಂದು ಚುಕ್ಕೆ ಎಣ್ಣೆ ಬಿದ್ದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಆದ್ದರಿಂದ ಅತ್ತೆ ಒಗ್ಗರಣೆ ಹಾಕಿದ ಕೈಯನ್ನು ಸೀಗೆಪುಡಿಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿಕೊಂಡೇ ರಾಟೆಯ ಮುಂದೆ ಕೂರುತ್ತಿದ್ದರು.

ರಾಟೆ ಅತ್ತೆಯದು. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವುದು ಅವರ ಕೆಲಸ. ಲಾಳಿಯೊಳಗೆ ಕೂರುವ ಆ ಸಣ್ಣ ಕಂಡಿಕೆ ಮುಗಿದರೆ ಮಗ್ಗ ನಿಲ್ಲುತ್ತದೆ. ಒಂದೇ ದಿನದಲ್ಲಿ ಎಷ್ಟು ಕಂಡಿಕೆ ಬೇಕಾಗುತ್ತಿತ್ತೋ ನಾವು ಮಕ್ಕಳು ಎಣಿಸಲು ಹೋಗಿ ಬಿಟ್ಟುಬಿಡುತ್ತಿದ್ದೆವು. ಮಾವ ಒಂದು ಸಲವೂ "ಕಂಡಿಕೆ ಕೊಡು" ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ನೂಲು ಮುಗಿಯುತ್ತಾ ಬಂದಂತೆ ಲಾಳಿ ಹಗುರಾಗಿ ಅದರ ಸದ್ದು ಸ್ವಲ್ಪ ಬದಲಾಗುತ್ತದಂತೆ. ಅಡುಗೆಮನೆಯಲ್ಲಿ ಹಿಟ್ಟು ತೊಳಸುತ್ತಿದ್ದರೂ ಅತ್ತೆಗೆ ಅದು ಕೇಳಿಸುತ್ತಿತ್ತು. ಸದ್ದು ನಿಲ್ಲುವುದಕ್ಕೆ ಮೊದಲೇ ತುಂಬಿದ ಕಂಡಿಕೆಗಳ ಬುಟ್ಟಿ ಮಾವನ ಎಡಗೈ ಬಳಿ ಬಂದಿರುತ್ತಿತ್ತು. ನನ್ನ ಕಿವಿಗೆ ಮಾತ್ರ ಆ ವ್ಯತ್ಯಾಸ ಇವತ್ತಿಗೂ ಸಿಕ್ಕಿಲ್ಲ.

ಗಂಡ ಹೆಂಡತಿ ಪ್ರೀತಿಯಿಂದ ಮಾತನಾಡಿಕೊಂಡದ್ದನ್ನು ಆ ಮನೆಯಲ್ಲಿ ನಾನು ಕಂಡಿದ್ದು ಕಡಿಮೆ. ಅತ್ತೆ ಮಾವನನ್ನು "ಏನಂದ್ರೆ" ಎನ್ನುವರು, ಮಾವ ಅತ್ತೆಯನ್ನು "ಇವ್ಳೇ" ಎನ್ನುವರು, ಅಷ್ಟೇ. ನನ್ನ ಮದುವೆ ಗೊತ್ತಾದಾಗ, ಸಿನಿಮಾ ನೋಡಿ ಬೆಳೆದ ನನಗೆ ಅವರದು ಬರೀ ಒಗ್ಗಿಹೋದ ಬಾಳು ಅನಿಸಿತ್ತು. ನಾನು ಎಷ್ಟು ತಪ್ಪಾಗಿ ತಿಳಿದಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ನೇಕಾರ ದಂಪತಿಯ ಕತೆ ಕೇಳಬೇಕಾದರೆ ಸೇಲಂನಂಥ ಜಾಗ ಇನ್ನೊಂದಿಲ್ಲ. ಹೊರಗೆ ತಮಿಳಿನವರು ವಳ್ಳುವರ್ ಮತ್ತು ವಾಸುಕಿಯ ಕತೆ ಹೇಳುತ್ತಾರೆ. ತಿರುಕ್ಕುರಳ್ ಬರೆದ ವಳ್ಳುವರ್ ನೇಕಾರರಾಗಿದ್ದರು ಎಂಬುದು ಅಲ್ಲಿನ ನಂಬಿಕೆ. ಊಟಕ್ಕೆ ಕೂತಾಗಲೆಲ್ಲ ಅವರ ಎಲೆಯ ಪಕ್ಕದಲ್ಲಿ ಒಂದು ಸೂಜಿ, ಒಂದು ಬಟ್ಟಲು ನೀರು ಇಡಬೇಕಿತ್ತಂತೆ. ವಾಸುಕಿ ಯಾಕೆಂದು ಕೇಳದೆ ಜೀವಮಾನವೆಲ್ಲ ಇಟ್ಟಳು. ಕೊನೆಗಾಲದಲ್ಲಿ ಕೇಳಿದಳು. ಕೆಳಗೆ ಬಿದ್ದ ಅನ್ನದ ಅಗುಳನ್ನು ಸೂಜಿಯಿಂದ ಎತ್ತಿ ನೀರಿನಲ್ಲಿ ತೊಳೆದು ತಿನ್ನಲೆಂದು ಇಡಿಸಿದ್ದು, ನೀನು ಬಡಿಸಿದಾಗ ಒಂದು ಅಗುಳೂ ಕೆಳಗೆ ಬೀಳಲಿಲ್ಲ ಎಂದರಂತೆ ವಳ್ಳುವರ್. ಈ ಕತೆ ಕೇಳಿದಾಗಲೆಲ್ಲ ನನಗೆ ಒಂದೇ ಸಂಕಟ. ಆ ಮಾತನ್ನು ಆಕೆ ಸಾಯುವ ದಿನದವರೆಗೆ ಯಾಕೆ ಉಳಿಸಿಕೊಂಡರು?

ಮನೆಯೊಳಗೆ ಅತ್ತೆ ಹೇಳುತ್ತಿದ್ದದ್ದು ಇನ್ನೊಂದು ಕತೆ. ಯಾದಗಿರಿ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯ, ಜೇಡರ ದಾಸಿಮಯ್ಯ ಎಂದೂ ಕರೆಯುವ ನೇಕಾರ ಶರಣ, ಮರಳು ಬೆರೆತ ಅಕ್ಕಿ ಮತ್ತು ಕಬ್ಬಿನ ಜಲ್ಲೆ ಹಿಡಿದುಕೊಂಡು ಹೆಣ್ಣು ಹುಡುಕಲು ಹೊರಟ. ನೀರು, ಸೌದೆ ಎರಡೂ ಇಲ್ಲದೆ ಇದರಲ್ಲಿ ಪಾಯಸ ಮಾಡಿಕೊಡುವವಳನ್ನೇ ಮದುವೆಯಾಗುತ್ತೇನೆ ಎಂದ. ದುಗ್ಗಳೆ ಎಂಬ ಹುಡುಗಿ ಕಬ್ಬು ಹಿಂಡಿ ರಸ ತೆಗೆದಳು, ಸಿಪ್ಪೆ ಒಣಗಿಸಿ ಒಲೆ ಹೊತ್ತಿಸಿದಳು, ರಸದಲ್ಲೇ ಅಕ್ಕಿ ಬೇಯಿಸಿದಳು, ಮರಳು ತಳಕ್ಕೆ ಕೂತಿತು. ಅತ್ತೆ ಈ ಕತೆಯನ್ನು ಹೇಳುವಾಗ "ಸಿಪ್ಪೆ" ಎಂಬಲ್ಲಿ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು; ಒಗಟು ಬಿಡಿಸಿದ್ದು ತಾನೇ ಎಂಬಂತೆ. ದುಗ್ಗಳೆ ಸ್ವತಃ ವಚನ ಬರೆದವಳು. ಅವಳ ಎರಡು ವಚನಗಳು ಉಳಿದಿವೆ. ದಾಸಿಮಯ್ಯನ ಅಂಕಿತ ರಾಮನಾಥ, ಅವಳದು ದಾಸಯ್ಯಪ್ರಿಯ ರಾಮನಾಥ. ಗಂಡನ ಹೆಸರನ್ನು ತನ್ನ ಮಾತಿನೊಳಗೆ ಹೊಸೆದುಕೊಂಡವಳು ಅವಳೇ, ತಾನಾಗಿ. ಅತ್ತೆಗೆ ಅಂಕಿತದ ವಿಷಯ ಗೊತ್ತಿರಲಿಲ್ಲ. ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರೀ ಮಾಡವ್ಳೆ" ಎಂದರು.

ಇನ್ನು ಕಷ್ಟದ ಮಾತು. ನೇಕಾರರ ಕಷ್ಟ ಅವರ ಮನೆಯೊಳಗೆ ಹುಟ್ಟಿದ್ದು ಕಡಿಮೆ, ಹೊರಗಿನಿಂದ ಬಂದದ್ದೇ ಹೆಚ್ಚು. 1876ರಿಂದ 78ರವರೆಗಿನ ದೊಡ್ಡ ಬರವನ್ನು ನಮ್ಮ ಮೈಸೂರು ಸೀಮೆಯಲ್ಲಿ ಧಾತು ಈಶ್ವರದ ಬರ ಎನ್ನುತ್ತಾರೆ. ತಮಿಳಿನವರಿಗೂ ಅದು ಧಾತು ವರ್ಷದ ಬರವೇ. 1871ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ 67 ಸಾವಿರ; ಹತ್ತು ವರ್ಷದ ಮೇಲೆ ಎಣಿಸಿದಾಗ ಸುಮಾರು 16 ಲಕ್ಷ. ಇವತ್ತಿನ ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಎಲ್ಲ ಆಗ ಸೇಲಂ ಜಿಲ್ಲೆಯೊಳಗೇ ಇದ್ದವು. ಮಳೆ ಹೋದರೆ ರೈತ ಕೆಡುವುದು ನಮಗೆಲ್ಲ ಗೊತ್ತು. ಕಾಳಿನ ಬೆಲೆ ಏರಿದ ಮೊದಲ ವಾರದಲ್ಲೇ ನೇಕಾರ ಕೆಡುತ್ತಾನೆ ಎಂಬುದು ನಮಗೆ ಹೊಳೆಯುವುದಿಲ್ಲ. ಹೊಟ್ಟೆಗೆ ಇಲ್ಲದಾಗ ಯಾರು ತಾನೇ ಬಟ್ಟೆ ಕೊಳ್ಳುತ್ತಾರೆ?

ಅತ್ತೆಯ ಕಡೆಯವರಿಗೆ ಕಷ್ಟ ಬಂದದ್ದು ನೀರಿನಿಂದ. ಅವರ ತವರು ಧರ್ಮಪುರಿ ಜಿಲ್ಲೆಯ ಪೆಣ್ಣಾಗರದ ಕಡೆ, ಹೊಗೆನಕಲ್ಲಿಗೆ ಹೋಗುವ ದಾರಿಯಲ್ಲಿ. ಅವರ ಅಜ್ಜಿ ಮೆಟ್ಟೂರು ಅಣೆಕಟ್ಟೆಯ ನೀರಲ್ಲಿ ಊರು ಮುಳುಗಿ ಬಂದವರಂತೆ. 1934ರಲ್ಲಿ ಆ ಕಟ್ಟೆ ಮುಗಿಯಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಪಣ್ಣವಾಡಿಯ ಬಳಿ ಮುಳುಗಡೆಯಾದ ಜಲಕಂಠೇಶ್ವರ ಗುಡಿಯ ನಂದಿ ಈಗಲೂ ಹೊರಗೆ ಕಾಣುತ್ತದೆ. ಅಜ್ಜ ಅಜ್ಜಿ ಊರು ಬಿಡುವಾಗ ಹೊತ್ತು ತಂದ ಬೀಸುಕಲ್ಲು ಅತ್ತೆಯ ಜೊತೆ ಸೇಲಂಗೆ ಬಂತು. ಅದರಲ್ಲಿ ಬೀಸಿದ ರಾಗಿ ಹಿಟ್ಟಿನ ಮುದ್ದೆ ನಾನು ಉಂಡಿದ್ದೇನೆ.

ಐವತ್ತರ ದಶಕದ ಶುರುವಿನಲ್ಲಿ ಕೈಮಗ್ಗದ ಬಟ್ಟೆ ಮಿಲ್ಲಿನ ಬಟ್ಟೆಯ ಮುಂದೆ ಮಾರಾಟವಾಗದೆ ಮದ್ರಾಸು ರಾಜ್ಯದ ನೇಕಾರರು ಕಂಗೆಟ್ಟರು. ಆಗ ಮುಖ್ಯಮಂತ್ರಿಯಾಗಿದ್ದವರು ಸೇಲಂನಲ್ಲೇ ವಕೀಲಿ ಮಾಡಿದ್ದ ರಾಜಾಜಿ. ಸೀರೆ, ಪಂಚೆಯನ್ನು ಕೈಮಗ್ಗಕ್ಕೇ ಬಿಟ್ಟುಕೊಡಬೇಕೆಂದು ಅವರು ಕೇಂದ್ರವನ್ನು ಕೇಳಿದರು. 1953ರಲ್ಲಿ ಅಣ್ಣಾದುರೈ ಮತ್ತು ಅವರ ಸಂಗಡಿಗರು ಕೈಮಗ್ಗದ ಬಟ್ಟೆಯನ್ನು ಬೀದಿಯಲ್ಲಿ ಹೊತ್ತು ಮಾರಿದರು. ಕೈಮಗ್ಗಕ್ಕೆ ಮೀಸಲು ಕೊಡುವ ಕಾಯಿದೆ ಬಂದದ್ದು 1985ರಲ್ಲಿ, ಮೊದಲು 22 ಬಗೆಯ ಬಟ್ಟೆಗೆ. ಆಮೇಲೆ ಅದು 11ಕ್ಕೆ ಇಳಿಯಿತು. ಅಷ್ಟರಲ್ಲಿ ಗುಗೈನ ಓಣಿಯಲ್ಲೂ ವಿದ್ಯುತ್ ಮಗ್ಗದ ಸದ್ದು ಶುರುವಾಗಿತ್ತು. ದೊಡ್ಡಬಳ್ಳಾಪುರದಲ್ಲಿ ನಾವೂ ಅದರಿಂದಲೇ ಅನ್ನ ತಿಂದವರು, ಅದನ್ನು ನಾನು ಬಯ್ಯುವಂತಿಲ್ಲ. ಆದರೆ ಮಾವನ ಮಗ್ಗದ ಸದ್ದು ಅದರಲ್ಲಿ ಮುಚ್ಚಿಹೋದಾಗ ಅತ್ತೆ ಕಂಡಿಕೆಯ ಲೆಕ್ಕ ತಪ್ಪಿದ್ದು ಅದೇ ಮೊದಲು.

1999ರಲ್ಲಿ ಮಾವನ ಕಣ್ಣು ಮಂಜಾಯಿತು. ಬಿಳಿ ಎಳೆಯ ಮೇಲೆ ಬಿಳಿ ಎಳೆ. ಹರಿದದ್ದು ಕಾಣದೆ ಹಾಗೇ ನೇಯ್ದುಬಿಟ್ಟರು. ಎರಡು ಪಂಚೆಯಲ್ಲಿ ದೋಷ ಬಂತು. ನೂಲು ಕೊಡುತ್ತಿದ್ದ ವ್ಯಾಪಾರಿ ಎರಡು ತಿಂಗಳ ಕೂಲಿಯನ್ನೇ ಹಿಡಿದುಕೊಂಡ. ಆತನ ಹೆಸರು ಇಲ್ಲಿ ಬೇಡ, ಈಗ ಆತನೂ ಇಲ್ಲ. ಆಪರೇಷನ್ನಿಗೆ ಹಣವಿಲ್ಲ, ಸಾಲ ಕೊಡುವವರಿಲ್ಲ. ಮಗ ಇನ್ನೂ ಓದುತ್ತಿದ್ದ. ಮೂರನೆಯ ದಿನ ಬೆಳಗ್ಗೆ ಅತ್ತೆ ಸ್ನಾನ ಮಾಡಿ, ಚೌಡೇಶ್ವರಿಯ ಪಟಕ್ಕೆ ಕೈ ಮುಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗ್ಗದ ಗುಂಡಿಗೆ ಕಾಲಿಟ್ಟರು. ಆ ಮನೆಯಲ್ಲಿ ಅಲ್ಲಿಯವರೆಗೆ ಹೆಂಗಸರು ಗುಂಡಿಗೆ ಇಳಿದದ್ದಿಲ್ಲ. ಮೂವತ್ತೆರಡು ವರ್ಷ ಪಕ್ಕದಲ್ಲಿ ಕೂತು ನೋಡಿದ ಕೆಲಸ, ಕೈ ತಾನಾಗಿಯೇ ನಡೆಯಿತು ಎಂದರು ನನಗೆ. ಕಾಲು ಮಾತ್ರ ವಾರಗಟ್ಟಲೆ ಊದಿಕೊಂಡಿತ್ತು.

ಕೂತು ಉಣ್ಣಲು ಮಾವನಿಗೆ ಮನಸ್ಸಾಗಲಿಲ್ಲ. ಮೆಲ್ಲಗೆ ಎದ್ದು ಹೋಗಿ ರಾಟೆಯ ಮುಂದೆ ಕೂತರು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಒಂದಿಬ್ಬರು ನಕ್ಕರು. ಮಾವ ಸುತ್ತಿದ ಕಂಡಿಕೆಗಳು ಸಡಿಲ. ಸಡಿಲ ಕಂಡಿಕೆ ಲಾಳಿಯೊಳಗೆ ಜಾರಿ ನೂಲು ಸಿಕ್ಕಾಗುತ್ತದೆ, ಸಿಕ್ಕು ಬಿಡಿಸುವಷ್ಟು ಹೊತ್ತು ನೇಯ್ಗೆ ನಿಲ್ಲುತ್ತದೆ. ಅತ್ತೆ ಅವನ್ನು ಬಿಚ್ಚಿ ಮತ್ತೆ ಸುತ್ತಲಿಲ್ಲ. ಆ ಸಡಿಲ ಕಂಡಿಕೆಯಲ್ಲೇ ನಿಧಾನವಾಗಿ ನೇಯ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಬೆರಳು ನೀವಿಕೊಳ್ಳುತ್ತಾ, "ಇವ್ಳೇ, ಇಷ್ಟು ವರ್ಷ ನೀನು ಇದನ್ನ ಹೆಂಗೆ ಸುತ್ತಿದ್ಯೆ?" ಎಂದು ಕೇಳಿದರಂತೆ. ಅತ್ತೆ ನನಗೆ ಇದನ್ನು ಹೇಳಿದ್ದು ಹತ್ತು ವರ್ಷದ ಮೇಲೆ, ಹಪ್ಪಳ ಒಣಹಾಕುತ್ತಾ. "ಅಷ್ಟು ಕೇಳಿದ್ರಲ್ಲ, ಸಾಕಾಗಿತ್ತು ನಂಗೆ" ಎಂದು ಮುಖ ಆಚೆ ತಿರುಗಿಸಿಕೊಂಡರು.

ಮರುವರ್ಷ ಒಂದು ಉಚಿತ ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಮಾವ ಮಗ್ಗಕ್ಕೆ ಮರಳಿದರು. ಆದರೆ ಬೆಳಗಿನ ಕಾಫಿಯಿಂದ ತಿಂಡಿಯವರೆಗಿನ ರಾಟೆ ಅಂದಿನಿಂದ ಇಂದಿನವರೆಗೂ ಅವರದೇ. ಇನ್ನೊಂದು ಕೆಲಸವನ್ನೂ ಮಾಡಿದರು. ನೇಕಾರರ ಸಹಕಾರ ಸಂಘಕ್ಕೆ ಹೋಗಿ ಅತ್ತೆಯನ್ನೂ ಸದಸ್ಯೆಯಾಗಿ ಸೇರಿಸಿದರು. ಅಲ್ಲಿಯವರೆಗೆ ಪಾಸ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಹೆಸರು.

ಬಂಧುಗಳೇ, ನನ್ನ ಮಾತೆಲ್ಲ ಈ ಪಾಸ್‌ಬುಕ್ಕಿನ ಹತ್ತಿರವೇ ಬಂದು ನಿಲ್ಲುತ್ತದೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ನಮ್ಮ ದೇಶದಲ್ಲಿ ನೇಯುವವರು, ನೇಯ್ಗೆಗೆ ಸಂಬಂಧಿಸಿದ ಕೆಲಸ ಮಾಡುವವರು ಸೇರಿ 35 ಲಕ್ಷದ ಮೇಲೆ. ಅವರಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಹೆಂಗಸರು, ಅಂದರೆ ನೂರಕ್ಕೆ 72. ಒಂದು ಪಂಚೆ, ಒಂದು ಸೀರೆ ಕೊಳ್ಳುವಾಗ ನೇಕಾರ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಗುಂಡಿಯಲ್ಲಿ ಕೂತ ಗಂಡಸು. ಸೀರೆಗಿಷ್ಟು ಎಂದು ಕೊಡುವ ಕೂಲಿ ಒಂದು, ಅದರೊಳಗಿನ ದುಡಿಮೆ ಎರಡು. ದೀರ್ಘ ದಾಂಪತ್ಯವನ್ನು ನಾವು ವರ್ಷದ ಲೆಕ್ಕದಲ್ಲಿ ಹೊಗಳುತ್ತೇವೆ. ಐವತ್ತಾಯಿತು ಎಂದು ಹಾರ ಹಾಕುತ್ತೇವೆ. ಬೇರೆ ದಾರಿ ಕಾಣದೆ ಐವತ್ತು ವರ್ಷ ಸಹಿಸಿಕೊಂಡ ಹೆಣ್ಣುಮಕ್ಕಳನ್ನೂ ನಾನು ನೋಡಿದ್ದೇನೆ, ಅವರ ಕೊರಳಿಗೆ ಹಾರ ಹಾಕಲು ನನ್ನ ಕೈ ಏಳುವುದಿಲ್ಲ. ಮಾವ ಅತ್ತೆಯ 58 ವರ್ಷಗಳಲ್ಲಿ ನಾನು ಕೈ ಮುಗಿಯುವುದು ಮಾವ ರಾಟೆಯ ಮುಂದೆ ಕೂತ ಆ ಒಂದು ವರ್ಷಕ್ಕೆ. ತನ್ನ ಜೊತೆಗಿದ್ದವಳ ಕೆಲಸ ಎಷ್ಟು ಭಾರ ಎಂಬುದನ್ನು ಅವರು ತಮ್ಮ ಬೆರಳಿನಲ್ಲಿ ಅಳೆದು ನೋಡಿದರು, ನೋಡಿದ್ದನ್ನು ಅವಳು ಬದುಕಿರುವಾಗಲೇ ಅವಳಿಗೆ ಹೇಳಿದರು.

ಮಾವನಿಗೆ ಅರವತ್ತು ತುಂಬಿದಾಗ, 2003ರಲ್ಲಿ, ನೆಂಟರೆಲ್ಲ ಸೇರಿ ತಿರುಕ್ಕಡೈಯೂರಿಗೆ ಕರೆದೊಯ್ದು ಷಷ್ಟ್ಯಬ್ದಿ ಮಾಡಿಸೋಣ ಎಂದೆವು. ತಮಿಳುನಾಡಿನಲ್ಲಿ ಅರವತ್ತಕ್ಕೂ ಎಂಬತ್ತಕ್ಕೂ ಅಲ್ಲಿನ ಗುಡಿಯಲ್ಲಿ ಮತ್ತೆ ತಾಳಿ ಕಟ್ಟಿಸುವ ವಾಡಿಕೆ. ಮಗ್ಗದ ಮೇಲೆ ಮದುವೆಯ ಪಂಚೆ ಇದೆ, ಅವರ ಮುಹೂರ್ತ ನಮ್ಮದಕ್ಕಿಂತ ಮುಂಚೆ ಎಂದು ಮಾವ ಒಪ್ಪಲಿಲ್ಲ. ಪಂಚೆ ಕೊಟ್ಟು ಬಂದ ಮೇಲೆ ಇಬ್ಬರೂ ಬಸ್ಸಿನಲ್ಲಿ ತಿರುಚೆಂಗೋಡಿಗೆ ಹೋಗಿ ಬಂದರು. ಅಲ್ಲಿ ಬೆಟ್ಟದ ಮೇಲೆ ಅರ್ಧನಾರೀಶ್ವರ. ಅರ್ಧ ಮೈ ಗಂಡು, ಅರ್ಧ ಮೈ ಹೆಣ್ಣು, ನಿಂತ ಮೂರ್ತಿ. ಏನು ಬೇಡಿಕೊಂಡಿರಿ ಎಂದು ಕೇಳಿದ್ದಕ್ಕೆ ಮಾವ ಹೇಳಿದ್ದು: "ಬೇಡ್ಕೊಳ್ಳಕ್ಕೆ ಎಲ್ಲಿ ಬಿಟ್ಳು? ಮೆಟ್ಲು ಹತ್ತೋವಾಗ ಇವ್ಳ ಮಂಡಿ ನೋವು, ಇಳಿಯೋವಾಗ ನನ್ನ ಕಣ್ಣು. ಒಬ್ರನ್ನೊಬ್ರು ಹಿಡ್ಕೊಂಡೇ ಸರಿಯಾಯ್ತು."

ಈ ವರ್ಷ ಪೊಂಗಲ್ ಕಳೆದ ವಾರ ನಾನು ಹೋಗಿದ್ದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗ್ಗ ಸಾಕು ಎನ್ನುತ್ತಾನೆ. ಓಣಿಯಲ್ಲಿ ಗುಂಡಿ ಮುಚ್ಚಿ ಟೈಲ್ಸ್ ಹಾಕಿಸಿದ ಮನೆಗಳೇ ಹೆಚ್ಚು. ಹಿಂದೆಲ್ಲ ಬೆಳಗಿನ ಜಾವಕ್ಕೆ ಓಣಿಯುದ್ದಕ್ಕೂ ಹಾಸಿನ ಉದ್ದ ನೂಲು ಬಿಡಿಸಿ, ಗಂಜಿ ಹಚ್ಚಿ, ಬಿಸಿಲೇರುವುದರೊಳಗೆ ಸುತ್ತಿಡುತ್ತಿದ್ದರು. ಈಗ ಅಲ್ಲಿ ಬೈಕುಗಳ ಸಾಲು. ಮಾವನ ಮನೆಯಲ್ಲಿ ಮಾತ್ರ ಅಂದು ಹೊಸ ಹಾಸು ಬಂದಿತ್ತು.

ನೇಕಾರರು ಹಳೆಯ ಹಾಸನ್ನು ಪೂರ್ತಿ ನೇಯ್ದು ಮುಗಿಸುವುದಿಲ್ಲ. ತುದಿಯಲ್ಲಿ ಮೊಳದಷ್ಟು ಮಗ್ಗದಲ್ಲೇ ಬಿಡುತ್ತಾರೆ. ಆ ಎಳೆಗಳು ಹಣಿಗೆಯ ಸಂದುಗಳೊಳಗೆ ಆಗಲೇ ಹೊಕ್ಕು ಕೂತಿರುತ್ತವೆ. ಹೊಸ ಹಾಸಿನ ಎಳೆಯನ್ನು ಅದಕ್ಕೆ ಒಂದೊಂದಾಗಿ ಹೊಸೆದು ಸೇರಿಸಿ ಎಳೆದುಕೊಂಡರೆ ಸಂದುಗಳಲ್ಲಿ ಮತ್ತೆ ಪೋಣಿಸುವ ಕೆಲಸವಿಲ್ಲ. ಎಳೆಗಳು ಸಾವಿರಗಟ್ಟಲೆ. ಬೆರಳಿಗೆ ಬೂದಿ ಅದ್ದಿಕೊಂಡು, ಎರಡು ತುದಿಗಳನ್ನು ಹಿಡಿದು ಒಂದು ತಿರುವು ಕೊಟ್ಟು ಒತ್ತಬೇಕು. ಗಂಟಾಗಬಾರದು, ಗಂಟಾದರೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮಾವ ಒಂದು ಬದಿಗೆ, ಅತ್ತೆ ಇನ್ನೊಂದು ಬದಿಗೆ, ನಡುವೆ ಹಾಸು. ಅತ್ತೆಯ ಬೆರಳ ಗಿಣ್ಣುಗಳು ವಾತಕ್ಕೆ ಸೊಟ್ಟಗಾಗಿವೆ, ಹೊಸೆಯಲು ಬಗ್ಗುವುದಿಲ್ಲ, ಕಣ್ಣು ಚೆನ್ನಾಗಿದೆ. ಮಾವನ ಇನ್ನೊಂದು ಕಣ್ಣೂ ಈಗ ಮಂಜು; ಬೆರಳು ಚೆನ್ನಾಗಿವೆ. ಅತ್ತೆ ಹಳೆಯದರಲ್ಲಿ ಒಂದು ಎಳೆ, ಹೊಸದರಲ್ಲಿ ಒಂದು ಎಳೆ ಬಿಡಿಸಿ ಮಾವನ ಬೆರಳ ಸಂದಿಗೆ ಇಡುತ್ತಿದ್ದರು, ಮಾವ ನೋಡದೆಯೇ ಹೊಸೆಯುತ್ತಿದ್ದರು. ಬೂದಿಯ ಬಟ್ಟಲು ಇಬ್ಬರ ನಡುವೆ ಇತ್ತು. ನಾನು ಬಾಗಿಲಲ್ಲಿ ಕೂತೆ. ಮಧ್ಯಾಹ್ನವಾದರೂ ಅರ್ಧ ಮುಗಿದಿರಲಿಲ್ಲ.

"ಏನಂದ್ರೆ, ಒಂದು ಬಿಟ್ಟುಹೋಯ್ತು" ಎಂದರು ಅತ್ತೆ.

ಮಾವ ಕೈ ತಡೆದು, ತಲೆ ಎತ್ತದೆ, ಬೆರಳು ಚಾಚಿ ಕಾದರು. ಅತ್ತೆ ಬಗ್ಗಿ, ಬಿಟ್ಟುಹೋದ ಎಳೆಯನ್ನು ಹುಡುಕಿ ತಂದು ಅಲ್ಲಿಟ್ಟರು.